ಇದು ಬೈಬಲ್‌ನಲ್ಲಿ ನಿಜವಾಗಿ ಇದೆಯಾ? ನೀವೇ ಹುಡುಕಿ ನೋಡುವ ಬಗೆ

ಕ್ರಿಸ್ಮಸ್ ಗೋದಲಿಯಲ್ಲಿ, ಹುಟ್ಟಿದ ಯೇಸುವನ್ನು ನೋಡಲು ಬಂದ ಮೂವರು ರಾಜರ ಗೊಂಬೆ ಇಡುತ್ತೇವೆ ಅಲ್ವಾ? ಗ್ಯಾಸ್ಪರ್, ಮೆಲ್ಕಿಯೋರ್, ಬಲ್ತಜಾರ್ ಅಂತ ಅವರ ಹೆಸರನ್ನು ನಾನು ಚಿಕ್ಕಂದಿನಲ್ಲೇ ಬಾಯಿಪಾಠ ಮಾಡಿದ್ದೆ. ಬೈಬಲ್ ತೆರೆದು ಹುಡುಕಿದ್ದು ಎಷ್ಟೋ ವರ್ಷದ ಮೇಲೆ. ಮತ್ತಾಯ 2ನೇ ಅಧ್ಯಾಯದಲ್ಲಿ ಇರುವುದು ಮೂಡಣ ದೇಶದ ಜೋಯಿಸರು, ಅವರು ತಂದ ಚಿನ್ನ, ಧೂಪ, ರಕ್ತಬೋಳ. ರಾಜರು ಅಂತಿಲ್ಲ, ಎಷ್ಟು ಜನ ಅಂತಲೂ ಇಲ್ಲ. ಕಾಣಿಕೆ ಮೂರಾದ್ದರಿಂದ ತಂದವರೂ ಮೂವರಾದರು. ಹೆಸರು ಸೇರಿದ್ದು ಶತಮಾನಗಳು ಕಳೆದ ಮೇಲೆ.

ಹುಡುಕುವ ಮುಂಚೆ ನಿಮ್ಮ ಕೈಯಲ್ಲಿರುವುದು ಯಾವ ಬೈಬಲ್ ಅಂತ ನೋಡಿಕೊಳ್ಳಿ. ಕಥೋಲಿಕರ ಬೈಬಲ್‌ನಲ್ಲಿ 73 ಪುಸ್ತಕ, ಪ್ರಾಟೆಸ್ಟೆಂಟರದ್ದರಲ್ಲಿ 66. ದೇವದೂತ ರಫಾಯೇಲ್ ಬರುವುದು ತೋಬಿತನ ಪುಸ್ತಕದಲ್ಲಿ, ಅದು 66ರಲ್ಲಿ ಸೇರಿಲ್ಲ. ಹಾಗಾಗಿ ಒಬ್ಬರು ಇದೆ, ಇನ್ನೊಬ್ಬರು ಇಲ್ಲ ಅಂದರೆ ಇಬ್ಬರದೂ ಸರಿ.

ಆಪ್‌ನಲ್ಲಿ ಹುಡುಕುವಾಗ ಕನ್ನಡ ಬೈಬಲ್‌ನ ಹೆಸರನ್ನೇ ಹಾಕಿ. ಡೇವಿಡ್ ಅಂದರೆ ಸಿಗಲ್ಲ, ದಾವೀದ ಅನ್ನಿ. ಮೋಸೆಸ್ ಅಲ್ಲ ಮೋಶೆ, ಪೀಟರ್ ಅಲ್ಲ ಪೇತ್ರ, ಜಾನ್ ಅಲ್ಲ ಯೋಹಾನ.

ಸಿಕ್ಕಿದ ಮೇಲೆ ಒಂದೇ ವಚನ ಓದಿ ನಿಲ್ಲಿಸಬೇಡಿ, ಇಡೀ ಅಧ್ಯಾಯ ಓದಿ, ಅದೇ ಕಥೆ ಬೇರೆ ಸುವಾರ್ತೆಯಲ್ಲಿದ್ದರೆ (ಯೇಸುವಿನ ಬದುಕಿನ ಕಥೆ ಹೇಳುವ ಮತ್ತಾಯ, ಮಾರ್ಕ, ಲೂಕ, ಯೋಹಾನ ಅನ್ನುವ ನಾಲ್ಕು ಪುಸ್ತಕಗಳು) ಅದನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ನನಗೆ ತುಂಬಾ ಇಷ್ಟದ ಕೆಲಸ ಇದು. ಕುರುಬರು, ಗೋದಲಿ ಇರುವುದು ಲೂಕನಲ್ಲಿ. ಜೋಯಿಸರು ಮತ್ತಾಯನಲ್ಲಿ, ಅವರು ಹೋಗಿದ್ದು ಒಂದು ಮನೆಗೆ. ನಾವು ಎರಡನ್ನೂ ಒಂದೇ ಹುಲ್ಲಿನ ಮಾಡಿನ ಕೆಳಗೆ ಸೇರಿಸಿದ್ದೇವೆ. ಎತ್ತು, ಕತ್ತೆ ಇಬ್ಬರ ಕಥೆಯಲ್ಲೂ ಇಲ್ಲ! ಎತ್ತಿಗೆ ತನ್ನ ಒಡೆಯ ಗೊತ್ತು, ಕತ್ತೆಗೆ ಯಜಮಾನನ ಗೋದಲಿ ಗೊತ್ತು ಅನ್ನುವ ಯೆಶಾಯ 1:3ರ ಮಾತು ಅವಕ್ಕೆ ಅಲ್ಲಿ ಜಾಗ ಕೊಟ್ಟಿತು.

ಜನ ಹೇಳುವ ಪದವೇ ಅಲ್ಲಿ ಇದೆಯಾ ಅಂತ ನೋಡಿ. ಆದಾಮ, ಹವ್ವ ತಿಂದ ಏದೆನ್ ತೋಟದ ಹಣ್ಣು ಸೇಬು ಅಂತ ಆದಿಕಾಂಡ ಹೇಳುವುದಿಲ್ಲ, ಸುಮ್ನೆ ಹಣ್ಣು ಅಷ್ಟೇ. ಯೋನನನ್ನು ನುಂಗಿದ್ದು ದೊಡ್ಡ ಮೀನು, ತಿಮಿಂಗಿಲ ಅಂತಿಲ್ಲ. ಸೈತಾನನ ಹೆಸರು ಅಂತ ಜನ ಹೇಳುವ ಲೂಸಿಫರ್ ಅನ್ನುವುದು ಯೆಶಾಯ 14:12ರಲ್ಲಿ ಬೆಳ್ಳಿ ಚುಕ್ಕೆಗೆ ಲ್ಯಾಟಿನ್ ಅನುವಾದದಲ್ಲಿ ಬಳಸಿದ ಪದ, ಅಲ್ಲಿನ ಮಾತು ಬಾಬೆಲಿನ ಅರಸನಿಗೆ.

ಒಬ್ಬರ ಕಥೆ ಇನ್ನೊಬ್ಬರಿಗೆ ಅಂಟಿಕೊಂಡಿದೆಯಾ ಅಂತಲೂ ನೋಡಿ. ಯೇಸುವಿನ ಶಿಷ್ಯೆ ಮಗ್ದಲದ ಮರಿಯಳನ್ನು ವೇಶ್ಯೆ ಅಂತ ಜನ ಈಗಲೂ ಹೇಳುತ್ತಾರೆ. ಬೈಬಲ್ ಹಾಗೆ ಹೇಳೇ ಇಲ್ಲ. ಲೂಕ 7ರಲ್ಲಿ ಹೆಸರಿಲ್ಲದ ಒಬ್ಬ ಪಾಪಿ ಹೆಂಗಸು ಬರುತ್ತಾಳೆ, 8ರಲ್ಲಿ ಮರಿಯಳು. ಇಬ್ಬರೂ ಒಬ್ಬಳೇ ಅಂತ ಪೋಪ್ ಮೊದಲನೇ ಗ್ರೆಗರಿ 591ರ ಪ್ರಸಂಗದಲ್ಲಿ ಹೇಳಿದರು, ಅದು ಸಾವಿರಕ್ಕೂ ಜಾಸ್ತಿ ವರ್ಷ ನಡೆಯಿತು. ಯೇಸು ಎದ್ದು ಬಂದಾಗ ಮೊದಲು ಕಂಡವಳು ಅಂತ ಯೋಹಾನ ಹೇಳುವ ಹೆಂಗಸಿಗೆ ಇದು ದೊಡ್ಡ ಅನ್ಯಾಯ.

ಬೈಬಲ್‌ನಲ್ಲಿ ಸಿಗದ ಹೆಸರು ಸುಳ್ಳು ಅಂತ ಬಿಟ್ಟುಬಿಡಬೇಡಿ, ಅದರ ಮೂಲ ಬೇರೆ ಕಡೆ ಇರುತ್ತದೆ. ಶಿಲುಬೆ ಹಾದಿಯಲ್ಲಿ ಯೇಸುವಿನ ಮುಖ ಒರೆಸುವ ವೆರೋನಿಕಾ ಚರ್ಚಿನ ಪರಂಪರೆಯಿಂದ ಬಂದವಳು. ಸೆಬಾಸ್ಟಿಯನ್, ಲಾರೆನ್ಸ್ ಆಮೇಲಿನ ಸಂತರು. ಯೇಸುವಿನ ತಾಯಿ ಮರಿಯಮ್ಮನ ಅಪ್ಪ ಅಮ್ಮ ಯೋವಾಕಿಮ್, ಅನ್ನಾ ಇಬ್ಬರೂ 2ನೇ ಶತಮಾನದ, ಬೈಬಲ್‌ಗೆ ಸೇರದ ಒಂದು ಬರಹದಲ್ಲಿದ್ದಾರೆ. ಮಂಗಳೂರಿನ ಕಡೆ ಸೆಪ್ಟೆಂಬರ್ 8ಕ್ಕೆ ಮಕ್ಕಳು ಹೂ ಹಾಕಿ, ಹೊಸ ತೆನೆ ತಂದು ಮೊಂತಿ ಹಬ್ಬ ಮಾಡುವ ಮರಿಯಮ್ಮನ ಹುಟ್ಟಿನ ಕಥೆ ಇರುವುದೂ ಅಲ್ಲೇ.