ಹಿಮನದಿಯ ಎದುರು ಕಯಾಕ್ ಇಳಿಸುವ ಮುನ್ನ: ದಾವಣಗೆರೆಯಿಂದ ಅಲಾಸ್ಕಾಕ್ಕೆ ಕುಟುಂಬದೊಡನೆ ಹೋಗುವುದು ಹೇಗೆ?

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಬಳಿ ಓಡಾಡಿದವರಿಗೆ ಕಾದ ಮರಳಿನಲ್ಲಿ ಅಕ್ಕಿ ಅರಳುವ ಚಟಪಟ ಸದ್ದು ಗೊತ್ತೇ ಇರುತ್ತದೆ. ಅಮೆರಿಕದ ಅಲಾಸ್ಕಾ ರಾಜ್ಯದ ಹಿಮನದಿಯೊಂದರ ಎದುರು, ಹುಟ್ಟನ್ನು ತೊಡೆಯ ಮೇಲಿಟ್ಟು ಕಯಾಕ್ ಎಂಬ ಕಿರುದೋಣಿಯಲ್ಲಿ ಸುಮ್ಮನೆ ಕುಳಿತಾಗ ನನಗೆ ಮೊದಲು ನೆನಪಾದದ್ದು ಆ ಭಟ್ಟಿಗಳೇ. ಹಿಮದ ಒತ್ತಡಕ್ಕೆ ಸಿಕ್ಕಿ ಬಹುಕಾಲ ಒಳಗೇ ಉಳಿದ ಗಾಳಿಗುಳ್ಳೆಗಳು, ತೇಲುವ ಗಡ್ಡೆ ಕರಗಿದಂತೆಲ್ಲ ಒಂದೊಂದಾಗಿ ಒಡೆಯುತ್ತವೆ. ಸುತ್ತಲಿನ ನೀರೆಲ್ಲ ಹುರಿಯುತ್ತಿರುವಂತೆ ಕೇಳಿಸುತ್ತದೆ. ಮೂರು ಸಾವಿರ ಪ್ರಯಾಣಿಕರ ದೊಡ್ಡ ಹಡಗಿನ ಹತ್ತನೆಯ ಅಂತಸ್ತಿನಲ್ಲಿ ನಿಂತವರಿಗೆ ಈ ಸದ್ದು ಕೇಳಿಸುವುದಿಲ್ಲ. ಹೆಚ್ಚು ಹಣ ಕೊಟ್ಟು ಸಣ್ಣ ಹಡಗಿನಲ್ಲಿ ಹೋಗುವುದಕ್ಕೆ ಇದಕ್ಕಿಂತ ಬೇರೆ ಕಾರಣವನ್ನು ನಾನು ಹೇಳಲಾರೆ.

ಕಳೆದ ಮೇ ತಿಂಗಳಲ್ಲಿ ನಾವು ನಾಲ್ವರು ಹೋಗಿದ್ದೆವು: ನಾನು, ಪತ್ನಿ, ಹತ್ತು ವರ್ಷದ ಮಗಳು ಮತ್ತು ಅರವತ್ತಾರು ದಾಟಿದ ನನ್ನ ತಾಯಿ. ಸಿದ್ಧತೆಗೆ ಹಿಡಿದದ್ದು ಹತ್ತು ತಿಂಗಳು, ಪ್ರವಾಸ ಮುಗಿದದ್ದು ಹದಿಮೂರು ದಿನಗಳಲ್ಲಿ. ಹೋಗಬಯಸುವವರಿಗೆ ಅನುಕೂಲವಾಗಲೆಂದು ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಹಡಗು ಮತ್ತು ತಿಂಗಳು

ಮೊದಲು ಮಾಡಬೇಕಾದದ್ದು ಹಡಗಿನ ಆಯ್ಕೆ. ಅಲಾಸ್ಕಾದ ಆಗ್ನೇಯ ಭಾಗದಲ್ಲಿ ಸುಮಾರು 1,100 ದ್ವೀಪಗಳ ನಡುವೆ ಹಾದುಹೋಗುವ ಜಲಮಾರ್ಗಕ್ಕೆ ಇನ್‌ಸೈಡ್ ಪ್ಯಾಸೇಜ್ ಎಂದು ಹೆಸರು. ದ್ವೀಪಗಳೇ ತೆರೆದ ಸಾಗರದ ಅಲೆಗಳನ್ನು ತಡೆಯುವುದರಿಂದ ನೀರು ಬಹುಮಟ್ಟಿಗೆ ಶಾಂತವಾಗಿರುತ್ತದೆ; ಸಮುದ್ರವನ್ನೇ ಹೆಚ್ಚು ಕಾಣದ ನಮ್ಮಂಥ ಬಯಲುಸೀಮೆಯವರಿಗೆ ವಾಂತಿಯ ಭಯ ಕಡಿಮೆ. ಇಲ್ಲಿ ಹನ್ನೆರಡರಿಂದ ನೂರು ಮಂದಿಯನ್ನು ಒಯ್ಯುವ ಸಣ್ಣ ಹಡಗುಗಳು ಸಾಮಾನ್ಯವಾಗಿ ಏಳು ರಾತ್ರಿಗಳ ಯಾನ ಕೈಗೊಳ್ಳುತ್ತವೆ. ಜುನೋ, ಸಿಟ್ಕಾ ಮತ್ತು ಕೆಚಿಕನ್ ಇವುಗಳ ಮುಖ್ಯ ಬಂದರುಗಳು. ರಾಜ್ಯದ ರಾಜಧಾನಿಯಾದ ಜುನೋಗೆ ಹೊರಗಿನಿಂದ ರಸ್ತೆಯೇ ಇಲ್ಲ. ವಿಮಾನದಲ್ಲಿ ಅಥವಾ ದೋಣಿಯಲ್ಲಿಯೇ ತಲುಪಬೇಕು.

ಹಡಗಿನ ಕೋಣೆಯ ಚಿತ್ರಗಳನ್ನು ನೋಡುತ್ತ ಕಾಲ ಕಳೆಯಬೇಡಿ. ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ಕಯಾಕ್ ಇಳಿಸಲು ಹಿಂಭಾಗದಲ್ಲಿ ನೀರಿನ ಮಟ್ಟಕ್ಕೆ ವೇದಿಕೆಯಿದೆಯೇ, ಎಷ್ಟು ಪ್ರಯಾಣಿಕರಿಗೆ ಒಬ್ಬ ಗೈಡ್, ಕಯಾಕ್‌ಗೆ ಮಕ್ಕಳ ಕನಿಷ್ಠ ವಯಸ್ಸೇನು, ಕಯಾಕ್ ಹತ್ತಲಾಗದವರಿಗೆ ರಬ್ಬರಿನ ಮೋಟಾರು ದೋಣಿಯಿದೆಯೇ ಎಂಬುದನ್ನು ಪತ್ರದಲ್ಲಿ ಕೇಳಿ, ಉತ್ತರವನ್ನೂ ಪತ್ರದಲ್ಲೇ ಪಡೆಯಬೇಕು. ನನ್ನ ತಾಯಿ ಒಮ್ಮೆಯೂ ಕಯಾಕ್ ಹತ್ತಲಿಲ್ಲ. ಮೋಟಾರು ದೋಣಿಯಲ್ಲಿ ನಮಗಿಂತ ಮುಂದೆ ಹೋಗಿ, ನಮಗಿಂತ ಹೆಚ್ಚು ಕರಡಿಗಳನ್ನು ನೋಡಿ ಬಂದರು.

ಋತು ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ. ನಮ್ಮ ಶಾಲೆಗಳ ಬೇಸಿಗೆ ರಜೆ ಮೇ ಕೊನೆಯವರೆಗೆ ಇರುವುದು ಇಲ್ಲಿ ವರವೇ ಸರಿ, ಏಕೆಂದರೆ ಆ ಭಾಗದಲ್ಲಿ ಮೇ ಮತ್ತು ಜೂನ್ ಮಳೆ ಕಡಿಮೆಯಿರುವ ತಿಂಗಳುಗಳು. ನದಿಗೆ ಏರುವ ಸಾಲ್ಮನ್ ಮೀನಿಗಾಗಿ ಕರಡಿಗಳು ಗುಂಪುಗೂಡುವುದನ್ನು ನೋಡಬೇಕೆಂದರೆ ಮಾತ್ರ ಜುಲೈ ಕೊನೆ ಅಥವಾ ಆಗಸ್ಟ್‌ಗೆ ಕಾಯಬೇಕು. ಆಗ ಮಳೆಯನ್ನೂ ಒಪ್ಪಿಕೊಳ್ಳಬೇಕು. ಮಳೆ ಎಂದರೆ ಚಳ್ಳಕೆರೆಯ ಮಳೆಯಲ್ಲ. ಕೆಚಿಕನ್‌ನಲ್ಲಿ ವರ್ಷಕ್ಕೆ ಸುಮಾರು 3,800 ಮಿಲಿಮೀಟರ್ ಸುರಿಯುತ್ತದೆ. ಚಿತ್ರದುರ್ಗ ಜಿಲ್ಲೆಗೆ ಆರು ವರ್ಷಗಳಲ್ಲಿ ಬೀಳುವಷ್ಟು ಎನ್ನಬಹುದು.

ಬಾವುಟ ನೋಡಿ, ಆಮೇಲೆ ವೀಸಾ

ಹಲವರು ಎಡವುವುದು ಇಲ್ಲಿಯೇ. ಅಮೆರಿಕದ 1886ರ ಕಾಯ್ದೆಯೊಂದರ ಪ್ರಕಾರ ವಿದೇಶಿ ಬಾವುಟದ ಹಡಗು ಅಮೆರಿಕದ ಒಂದು ಬಂದರಿನಿಂದ ಇನ್ನೊಂದಕ್ಕೆ ಪ್ರಯಾಣಿಕರನ್ನು ನೇರವಾಗಿ ಸಾಗಿಸುವಂತಿಲ್ಲ. ಆದ್ದರಿಂದಲೇ ದೊಡ್ಡ ಹಡಗುಗಳು ಕೆನಡಾದ ವ್ಯಾಂಕೂವರ್‌ನಿಂದ ಹೊರಡುತ್ತವೆ ಅಥವಾ ನಡುವೆ ವಿಕ್ಟೋರಿಯಾದಂಥ ಕೆನಡಾದ ಬಂದರಿನಲ್ಲಿ ನಿಲ್ಲುತ್ತವೆ; ಭಾರತೀಯರಿಗೆ ಆಗ ಕೆನಡಾದ ವೀಸಾ ಕೂಡ ಬೇಕಾಗುತ್ತದೆ. ಅಮೆರಿಕದ ಬಾವುಟದ ಸಣ್ಣ ಹಡಗು ಅಲಾಸ್ಕಾದಲ್ಲಿ ಹೊರಟು ಅಲಾಸ್ಕಾದಲ್ಲೇ ಯಾನ ಮುಗಿಸಬಹುದು. ಹೀಗಾಗಿ ಒಂದೇ ವೀಸಾ ಸಾಕು. ವಿಮಾನದ ಟಿಕೆಟ್ ಮಾಡಿಸುವಾಗಲೂ ಕೆನಡಾದ ಮೂಲಕ ಹಾದುಹೋಗುವ ಅಗ್ಗದ ಮಾರ್ಗಕ್ಕೆ ಮರುಳಾಗದೆ, ಸಿಯಾಟಲ್‌ನಲ್ಲಿ ಇಳಿದು ಅಲ್ಲಿಂದ ಎರಡೂವರೆ ಗಂಟೆಯ ದೇಶೀಯ ವಿಮಾನದಲ್ಲಿ ಜುನೋ ತಲುಪುವುದು ಸುಲಭ.

ಪಾಸ್‌ಪೋರ್ಟಿಗೆ ಬೆಂಗಳೂರಿಗೆ ಹೋಗಬೇಕಿಲ್ಲ. ದಾವಣಗೆರೆಯಲ್ಲೇ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ. ಮಕ್ಕಳ ಪಾಸ್‌ಪೋರ್ಟಿನ ಅವಧಿ ಐದೇ ವರ್ಷವಾದ್ದರಿಂದ ಹಳೆಯದಿದ್ದರೆ ದಿನಾಂಕ ನೋಡಿಕೊಳ್ಳಬೇಕು. ಅಮೆರಿಕದ ಪ್ರವಾಸಿ ವೀಸಾಕ್ಕೆ ಡಿಎಸ್-160 ಅರ್ಜಿಯನ್ನು ಪ್ರತಿಯೊಬ್ಬರ ಹೆಸರಿನಲ್ಲೂ ಬೇರೆಯಾಗಿ ತುಂಬಬೇಕು. ಅರ್ಜಿ ಶುಲ್ಕ ತಲೆಗೆ 185 ಡಾಲರ್, ಮಕ್ಕಳಿಗೂ ಅಷ್ಟೇ. ಬೆರಳಚ್ಚಿಗೆ ಒಂದು ದಿನ, ಸಂದರ್ಶನಕ್ಕೆ ಮತ್ತೊಂದು ದಿನ ಎಂದುಕೊಂಡು ನಾವು ಚೆನ್ನೈಗೆ ಹೋಗಿದ್ದೆವು. ಸಂದರ್ಶನದ ದಿನಾಂಕಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಬಹುದಾದ್ದರಿಂದ ಈ ಕೆಲಸ ಹಡಗು ಆರಿಸಿದ ಕೂಡಲೇ ಶುರುವಾಗಬೇಕು, ಮತ್ತು ವೀಸಾ ಕೈಗೆ ಬರುವ ಮುನ್ನ ಮರಳಿ ಬಾರದ ಮುಂಗಡ ಕಟ್ಟಬಾರದು.

ಖರ್ಚಿನ ಮಾತನ್ನು ಮುಚ್ಚಿಡಲಾಗದು. ಸಣ್ಣ ಹಡಗಿನಲ್ಲಿ ಒಂದು ವಾರಕ್ಕೆ ಒಬ್ಬರಿಗೆ ಹೆಚ್ಚುಕಡಿಮೆ 5,000 ಡಾಲರ್‌ನಿಂದ ಲೆಕ್ಕ ಆರಂಭವಾಗುತ್ತದೆ, ವಿಮಾನ ಬೇರೆ. ನಾವು ಕಾರು ಬದಲಿಸುವ ಯೋಜನೆಯನ್ನು ಮುಂದೂಡಿದೆವು. ಅಷ್ಟು ಸಾಧ್ಯವಿಲ್ಲದವರು 1963ರಿಂದ ಅಲಾಸ್ಕಾ ರಾಜ್ಯವೇ ನಡೆಸುತ್ತಿರುವ ದೋಣಿ ಸಾರಿಗೆಯಲ್ಲಿ ಊರಿಂದೂರಿಗೆ ಹೋಗಿ, ಜುನೋ ಅಥವಾ ಗಸ್ಟೇವಸ್‌ನಲ್ಲಿ ಉಳಿದು, ಒಂದೊಂದು ದಿನದ ಕಯಾಕ್ ಪ್ರವಾಸ ಮಾಡಬಹುದು. ಯಾವ ದಾರಿಯಾದರೂ, ವೈದ್ಯಕೀಯ ತುರ್ತಿನಲ್ಲಿ ವಿಮಾನದಲ್ಲಿ ಸಾಗಿಸುವ ವೆಚ್ಚ ಒಳಗೊಂಡ ವಿಮೆಯನ್ನು ಮಾತ್ರ ಬಿಡಬಾರದು. ಹಡಗು ನಿಲ್ಲುವ ಕಡಲಕೊಲ್ಲಿಗಳಲ್ಲಿ ಆಸ್ಪತ್ರೆಯಿರಲಿ, ಫೋನಿನ ಸಿಗ್ನಲ್ ಕೂಡ ಸಿಗುವುದಿಲ್ಲ.

ಊರಿನಲ್ಲೇ ಅಭ್ಯಾಸ

ಹರಿಹರದ ಬಳಿ ತುಂಗಭದ್ರೆಯಲ್ಲಿ ಹರಿಗೋಲು ಏರಿದವರಿಗೆ ಗೊತ್ತು, ಒಂದೇ ಅಲಗಿನ ಹುಟ್ಟಿನಿಂದ ಅದನ್ನು ನೇರವಾಗಿ ನಡೆಸುವುದು ನುರಿತ ಅಂಬಿಗನಿಗಷ್ಟೇ ಒಲಿಯುವ ವಿದ್ಯೆ. ಕಯಾಕ್‌ನ ಹುಟ್ಟಿಗೆ ಎರಡೂ ತುದಿಯಲ್ಲಿ ಅಲಗಿರುವುದರಿಂದ ಅದು ಸುಲಭ. ಆದರೂ ಮೊದಲ ಪಾಠವನ್ನು ಹಿಮನೀರಿನಲ್ಲಿ ಕಲಿಯುವುದು ಸರಿಯಲ್ಲ. ಸಾಗರ ತಾಲ್ಲೂಕಿನ ಹೊನ್ನೇಮರಡುವಿನಲ್ಲಿ ಶರಾವತಿಯ ಹಿನ್ನೀರು ಬೆಚ್ಚಗಿರುತ್ತದೆ. ವಾರಾಂತ್ಯವೊಂದನ್ನು ಅಲ್ಲಿ ಕಳೆದರೆ ಮಕ್ಕಳ ಅಂಜಿಕೆ ಹೋಗುತ್ತದೆ. ಲೈಫ್ ಜಾಕೆಟ್ ತೊಟ್ಟು ನೀರಿಗೆ ಬಿದ್ದು, ಮುಖ ಮೇಲೆ ಮಾಡಿ ತೇಲುವುದನ್ನು ಪ್ರತಿಯೊಬ್ಬರೂ ಒಮ್ಮೆಯಾದರೂ ಮಾಡಿರಬೇಕು.

ತೋಳಿನಿಂದ ಎಳೆಯುವುದು ಎಲ್ಲರೂ ಮಾಡುವ ತಪ್ಪು; ಹತ್ತು ನಿಮಿಷಕ್ಕೆ ಭುಜ ಸೋಲುತ್ತದೆ. ಪಾದಗಳನ್ನು ಒಳಗಿನ ಮೆಟ್ಟುಗಳಿಗೆ ಒತ್ತಿ, ಸೊಂಟದಿಂದ ಮೇಲಿನ ಮೈಯನ್ನು ತಿರುಗಿಸಿ, ಹುಟ್ಟನ್ನು ಸಡಿಲವಾಗಿ ಹಿಡಿದು ಎಳೆಯಬೇಕು. ಮಜ್ಜಿಗೆ ಕಡೆಯುವಾಗ ಹಗ್ಗವನ್ನು ಮೈಯೆಲ್ಲ ತೂಗಿ ಎಳೆಯುವಂತೆ ಎಂದು ನನ್ನ ತಾಯಿ ದಡದಲ್ಲಿ ಕುಳಿತು ಮೊಮ್ಮಗಳಿಗೆ ಹೇಳಿಕೊಟ್ಟದ್ದು ಯಾವ ಗೈಡ್ ಹೇಳಿದ್ದಕ್ಕಿಂತಲೂ ಚೆನ್ನಾಗಿತ್ತು.

ಬಟ್ಟೆಯ ವಿಷಯದಲ್ಲಿ ಒಂದೇ ನಿಯಮ: ಹತ್ತಿ ಬೇಡ. ಒದ್ದೆಯಾದ ಹತ್ತಿ ಮೈಯ ಕಾವನ್ನು ಹೀರಿಬಿಡುತ್ತದೆ. ಒಳಗೆ ಉಣ್ಣೆ ಅಥವಾ ಪಾಲಿಯೆಸ್ಟರ್, ನಡುವೆ ಫ್ಲೀಸ್, ಹೊರಗೆ ನೀರು ತಡೆಯುವ ಜಾಕೆಟ್ ಮತ್ತು ಪ್ಯಾಂಟು, ಕಾಲಿಗೆ ಮೊಣಕಾಲವರೆಗಿನ ರಬ್ಬರ್ ಬೂಟು. ದಾವಣಗೆರೆಯ ಮೇ ಬಿಸಿಲಿನಲ್ಲಿ ಇದನ್ನೆಲ್ಲ ಕೊಳ್ಳುವಾಗ ಅತಿಯೆನಿಸುತ್ತದೆ. ನಾನು ಕೂಡ ಮಗಳಿಗೆ ಮನೆಯಲ್ಲಿದ್ದ ಹತ್ತಿಯ ಕಾಲುಚೀಲವೇ ಸಾಕೆಂದು ತುಂಬಿಸಿದ್ದೆ, ಮೊದಲ ದಿನವೇ ಅವಳ ಬೆರಳುಗಳು ಮರಗಟ್ಟಿದವು. ಕೈಗವಸು ಎರಡು ಜೊತೆಯಿರಲಿ. ನಮ್ಮೂರಿನಲ್ಲಿ ಅರ್ಧ ಗಂಟೆಯಲ್ಲಿ ಒಣಗುವುದು ಅಲ್ಲಿ ಎರಡು ದಿನವಾದರೂ ಒಣಗುವುದಿಲ್ಲ.

ನೀರಿನ ಮೇಲೆ

ಕುಟುಂಬಗಳಿಗೆ ಕೊಡುವುದು ಇಬ್ಬರು ಕೂರುವ ಅಗಲವಾದ ಸಮುದ್ರದ ಕಯಾಕ್. ಅದು ಸುಲಭಕ್ಕೆ ಮಗುಚುವುದಿಲ್ಲ. ಮಗು ಮುಂದೆ, ಹಿರಿಯರು ಹಿಂದೆ. ಹಿಂದಿನವರ ಪಾದಗಳಲ್ಲಿ ಚುಕ್ಕಾಣಿಯ ಪೆಡಲ್ ಇರುತ್ತದೆ. ಎಲ್ಲ ಪದರಗಳನ್ನು ತೊಟ್ಟ ಮೇಲೆ ಶೌಚಾಲಯದ ನೆನಪಾದರೆ ಕಾಲು ಗಂಟೆ ಹೋಯಿತೆಂದೇ ತಿಳಿಯಬೇಕು, ಆದ್ದರಿಂದ ಅದನ್ನು ಮೊದಲೇ ಮುಗಿಸಿಕೊಳ್ಳಿ. ವೇದಿಕೆಯ ಅಂಚಿನಲ್ಲಿ ಕುಳಿತು, ಎರಡೂ ಕಾಲನ್ನು ಒಳಗಿಳಿಸಿ, ಆಮೇಲೆ ಸೊಂಟವನ್ನು ಜಾರಿಸಬೇಕು. ನಿಂತು ಹತ್ತುವ ಸಾಹಸ ಬೇಡ. ಸೊಂಟದ ಸುತ್ತ ನೀರು ತಡೆಯುವ ಹೊದಿಕೆ ಬಿಗಿದ ನಂತರ ಅದನ್ನು ಕಿತ್ತುಬಿಡುವ ಮುಂದಿನ ಕುಣಿಕೆ ಹೊರಗೇ ಇದೆಯೇ ಎಂದು ಕೈಯಿಂದ ಮುಟ್ಟಿ ನೋಡಬೇಕು. ಕಯಾಕ್ ಮಗುಚಿದರೆ ಹೊರಬರಲು ಹಿಡಿಯುವುದು ಅದನ್ನೇ.

ಹಿಮನದಿಯ ಬಳಿ ನೀರಿನ ಉಷ್ಣತೆ ಸೊನ್ನೆಗಿಂತ ಕೆಲವೇ ಡಿಗ್ರಿ ಹೆಚ್ಚು. ಅಲ್ಲಿನವರು ಕಲಿಸುವ ಲೆಕ್ಕ 1-10-1: ಬಿದ್ದ ಮೊದಲ ಒಂದು ನಿಮಿಷ ಏದುಸಿರನ್ನು ಹತೋಟಿಗೆ ತರಲು, ಮುಂದಿನ ಹತ್ತು ನಿಮಿಷ ಕೈಕಾಲು ಮಾತು ಕೇಳುವಾಗ ದೋಣಿಗೆ ಮರಳಲು, ಆಮೇಲೆ ಪ್ರಜ್ಞೆ ತಪ್ಪಲು ಸುಮಾರು ಒಂದು ಗಂಟೆ. ಮಗಳು ಇದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದ್ದಳು.

ಹಿಮನದಿಯ ಗೋಡೆ ಎಷ್ಟು ದೂರವಿದೆ ಎಂಬುದು ಕಣ್ಣಿಗೆ ತಿಳಿಯುವುದೇ ಇಲ್ಲ. ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನದ ಮಾರ್ಜರಿ ಹಿಮನದಿಯ ಮುಖ ಒಂದು ಮೈಲಿ ಅಗಲ, ನೀರಿನ ಮೇಲೆ ಸುಮಾರು 76 ಮೀಟರ್ ಎತ್ತರ. ಹೋಲಿಸಲು ಮರವೋ ಮನೆಯೋ ಇಲ್ಲದೆ ಅದು ಕೈಗೆಟಕುವಷ್ಟು ಹತ್ತಿರವಿದ್ದಂತೆ ಕಾಣುತ್ತದೆ. ಸಿಡಿಲಿಗೆ ನಾವು ಮಾಡುವ ಲೆಕ್ಕವನ್ನೇ ಇಲ್ಲೂ ಮಾಡಬಹುದು. ಮಂಜಿನ ಬಂಡೆ ಕಳಚಿದ್ದನ್ನು ಕಂಡ ಕೂಡಲೇ ಎಣಿಸಲು ಆರಂಭಿಸಿ. ಸದ್ದು ಮೂರು ಸೆಕೆಂಡಿಗೆ ತಲುಪಿದರೆ ನೀವು ಒಂದು ಕಿಲೋಮೀಟರ್ ದೂರದಲ್ಲಿದ್ದೀರಿ. ಆ ಸದ್ದಿಗೆ ಅಲ್ಲಿನ ಮೂಲನಿವಾಸಿ ಟ್ಲಿಂಗಿಟ್ ಜನ ಇಟ್ಟ ಹೆಸರಿನ ಅರ್ಥ ಬಿಳಿ ಗುಡುಗು. ಅಲೆ ಬಂದಾಗ ಕಯಾಕ್‌ನ ಮೂತಿಯನ್ನು ಅಲೆಗೆ ಎದುರಾಗಿ ತಿರುಗಿಸಬೇಕು, ಅಡ್ಡ ನಿಲ್ಲಬಾರದು. ತೇಲುವ ಗಡ್ಡೆಯ ಬಹುಪಾಲು ನೀರೊಳಗಿದ್ದು ಯಾವಾಗ ಬೇಕಾದರೂ ಉರುಳಬಹುದಾದ್ದರಿಂದ ಮುಟ್ಟುವ ಆಸೆಯನ್ನು ಅದುಮಿಕೊಳ್ಳಬೇಕು.

1794ರಲ್ಲಿ ಜಾರ್ಜ್ ವ್ಯಾಂಕೂವರ್‌ನ ನೌಕಾತಂಡ ಬಂದಾಗ ಈ ಗ್ಲೇಸಿಯರ್ ಬೇ ಬಹುತೇಕ ಮಂಜಿನಿಂದಲೇ ತುಂಬಿತ್ತು. ಅಂದಿನಿಂದ ಮಂಜು ಸುಮಾರು 105 ಕಿಲೋಮೀಟರ್ ಹಿಂದೆ ಸರಿದಿದೆ, ಅಂದರೆ ದಾವಣಗೆರೆಯಿಂದ ಹಿರಿಯೂರಿಗಿರುವಷ್ಟು ದೂರ. ಹಡಗು ಒಳಗೆ ಸಾಗಿದಂತೆ ದಡದ ಕಾಡು ಕುಳ್ಳಾಗುತ್ತ, ಪೊದೆಯಾಗುತ್ತ, ಪಾಚಿಯಾಗುತ್ತ, ಕೊನೆಗೆ ಬರಿಯ ಬಂಡೆಯಾಗುವುದನ್ನು ಅಟ್ಟದ ಮೇಲೆ ನಿಂತು ನೋಡಲು ಅರ್ಧ ದಿನ ಬೇಕು. ಅಷ್ಟು ಹೊತ್ತು ಕೋಣೆಯಲ್ಲಿ ಮಲಗುವುದು ದಂಡ.

ಪ್ರಾಣಿಗಳ ನಡುವೆ

ಕರಡಿ ನಮ್ಮ ಸೀಮೆಗೆ ಹೊಸದಲ್ಲ. ಆದರೆ ಅಡ್ಮಿರಾಲ್ಟಿ ದ್ವೀಪದಲ್ಲಿ ಸುಮಾರು 1,600 ಕಂದು ಕರಡಿಗಳಿದ್ದು, ಅದರ ಟ್ಲಿಂಗಿಟ್ ಹೆಸರಿಗೆ ಕರಡಿಗಳ ಕೋಟೆ ಎಂದೇ ಅರ್ಥ ಹೇಳುತ್ತಾರೆ. ದುರ್ಗದವರಿಗೆ ಈ ಹೆಸರು ಇಷ್ಟವಾಗಬೇಕು. ದಡಕ್ಕಿಳಿದು ನಡೆಯುವಾಗ ಗುಂಪು ಬಿಡದೆ ಜೋರಾಗಿ ಮಾತನಾಡುತ್ತಿರಬೇಕು. ಮಕ್ಕಳಿಗೆ ಗಲಾಟೆ ಮಾಡಿರೆಂದು ಹೇಳುವ ಅವಕಾಶ ಬೇರೆಲ್ಲಿ ಸಿಕ್ಕೀತು!

ನೀರಿನಲ್ಲಿ ಮಾತ್ರ ಇದಕ್ಕೆ ವಿರುದ್ಧವಾದ ಶಿಸ್ತು ಬೇಕು. ಮೇ ಕೊನೆ ಮತ್ತು ಜೂನ್‌ನಲ್ಲಿ ಹಾರ್ಬರ್ ಸೀಲ್ ಎಂಬ ಕಡಲ ಪ್ರಾಣಿಗಳು ತೇಲುವ ಮಂಜಿನ ಮೇಲೆ ಮರಿ ಹಾಕುತ್ತವೆ. ಸೀಲ್ ತಲೆಯೆತ್ತಿ ನಿಮ್ಮನ್ನೇ ನೋಡಿತೆಂದರೆ ನೀವು ಆಗಲೇ ಹೆಚ್ಚು ಹತ್ತಿರ ಬಂದಿದ್ದೀರಿ. ತಾಯಿ ಹೆದರಿ ನೀರಿಗೆ ಹಾರಿದರೆ ಮರಿ ಒಂಟಿಯಾಗುತ್ತದೆ. ಹವಾಯಿಯಲ್ಲಿ ಚಳಿಗಾಲ ಕಳೆದು ಇಲ್ಲಿಗೆ ಮೇಯಲು ಬರುವ ಹಂಪ್‌ಬ್ಯಾಕ್ ತಿಮಿಂಗಿಲದಿಂದ ಕನಿಷ್ಠ 100 ಗಜ ದೂರವಿರಬೇಕೆಂಬುದು ಕಾನೂನು. ಅದೇ ಹತ್ತಿರ ಎದ್ದರೆ ಕಯಾಕ್‌ಗಳು ಚದುರದೆ ಒಟ್ಟಾಗಿ ನಿಲ್ಲಬೇಕು. ನಮ್ಮ ಗುಂಪಿಗೆ ಸಾಕಷ್ಟು ದೂರದಲ್ಲಿ ಒಂದು ಎದ್ದಿತು. ಮೊದಲು ಕೇಳಿಸಿದ್ದು ಉಸಿರು, ಲಾರಿಯ ಏರ್ ಬ್ರೇಕ್ ಬಿಟ್ಟಂತೆ. ಆಮೇಲೆ ಮೂಗಿಗೆ ಬಡಿದದ್ದು ಕೊಳೆತ ಮೀನಿನ ವಾಸನೆ. ಈ ಎರಡನೆಯದನ್ನು ಯಾವ ಚಿತ್ರವೂ ಹೇಳುವುದಿಲ್ಲ.

ಕ್ಯಾಪ್ಟನ್ ಮಾರ್ಗ ಬದಲಿಸಿದರೆ ಜಗಳವಾಡಬೇಡಿ. 2025ರ ಆಗಸ್ಟ್ 10ರಂದು ಟ್ರೇಸಿ ಆರ್ಮ್ ಕಡಲಕೊಲ್ಲಿಯಲ್ಲಿ ಭಾರೀ ಭೂಕುಸಿತವಾಗಿ ಸುನಾಮಿ ಎದ್ದು, ದೂರದ ದ್ವೀಪದಲ್ಲಿ ಬೀಡುಬಿಟ್ಟಿದ್ದ ಕಯಾಕ್ ಪ್ರವಾಸಿಗರ ಸಾಮಗ್ರಿಯನ್ನು ಕೊಚ್ಚಿಕೊಂಡು ಹೋಗಿತ್ತು.

ಊಟ, ನಿದ್ರೆ, ಮರಳುವಿಕೆ

ಸಣ್ಣ ಹಡಗು ದಿನಸಿ ತುಂಬಿಕೊಳ್ಳುವುದು ಹೊರಡುವಾಗ ಮಾತ್ರ. ಸಸ್ಯಾಹಾರವೆಂದರೆ ಮೊಟ್ಟೆ, ಮೀನು ಕೂಡ ಇಲ್ಲವೆಂಬುದನ್ನು ಎರಡು ತಿಂಗಳ ಮೊದಲೇ ಬರೆದು ತಿಳಿಸಬೇಕು. ಚಟ್ನಿಪುಡಿ ಒಯ್ಯಬಹುದು, ಆದರೆ ಕಸ್ಟಮ್ಸ್‌ನಲ್ಲಿ ತೋರಿಸಿ. ಅಕ್ಕಿ, ಹಣ್ಣು, ಬಿತ್ತುವ ಬೀಜ ಬೇಡ. ಮೇ ಕೊನೆಯಲ್ಲಿ ಹಗಲು ಹದಿನೇಳು ಗಂಟೆ ದಾಟುವುದರಿಂದ ಮಕ್ಕಳಿಗೆ ಕಣ್ಣುಪಟ್ಟಿ ಇರಲಿ. ನಮ್ಮೂರಿಗೂ ಅಲ್ಲಿಗೂ ಹದಿಮೂರೂವರೆ ಗಂಟೆಯ ಅಂತರವಿದೆ. ಆದ್ದರಿಂದ ಹಡಗು ಹೊರಡುವ ಎರಡು ದಿನ ಮೊದಲೇ ಜುನೋ ತಲುಪಬೇಕು. ನಮ್ಮ ಒಂದು ಚೀಲ ಒಂದು ದಿನ ತಡವಾಗಿ ಬಂತು. ಎರಡು ದಿನದ ಅವಕಾಶವಿಲ್ಲದಿದ್ದರೆ ತಾಯಿಯ ಔಷಧಿಯಿಲ್ಲದೆ ಹಡಗು ಹತ್ತಬೇಕಾಗುತ್ತಿತ್ತು. ಔಷಧಿ ಕೈಚೀಲದಲ್ಲೇ ಇರಬೇಕಾದದ್ದು, ನಾವೇ ತಪ್ಪಿದ್ದೆವು.

ಮರಳುವಾಗಲೂ ಹಡಗಿನಿಂದಿಳಿದ ದಿನವೇ ಅಂತರರಾಷ್ಟ್ರೀಯ ವಿಮಾನ ಹಿಡಿಯುವ ಯೋಚನೆ ಬೇಡ. ಮಂಜು ಮುಸುಕಿದರೆ ಜುನೋದ ವಿಮಾನಗಳು ತಡವಾಗುತ್ತವೆ. ಒಂದು ರಾತ್ರಿ ಅಲ್ಲೇ ಉಳಿದರೆ ಊರಿನಿಂದ ಇಪ್ಪತ್ತು ಕಿಲೋಮೀಟರಿನೊಳಗಿರುವ ಮೆಂಡನ್‌ಹಾಲ್ ಹಿಮನದಿಯನ್ನು ಟ್ಯಾಕ್ಸಿಯಲ್ಲೇ ಹೋಗಿ ನೋಡಬಹುದು. ಹಡಗಿನಲ್ಲಿ ಒಣಗದೆ ಉಳಿದ ಬಟ್ಟೆಗಳನ್ನೂ ಅಂದು ಲಾಂಡ್ರಿಗೆ ಹಾಕಬಹುದು.