ರಾಮ್ ಪಿಕಪ್‌ನ ಟಾರ್ಕ್ ಕನ್ವರ್ಟರ್: ಇಳಿಸುವ ಮೊದಲು ನೋಡಿದ್ದು, ಇಳಿಸಿದ ಮೇಲೆ ಹಾಕಿದ್ದು

ಗಾಡಿ 2006ರ ಡಾಡ್ಜ್ ರಾಮ್ 2500. 5.9 ಲೀಟರ್ ಕಮಿನ್ಸ್ ಡೀಸೆಲ್, ನಾಲ್ಕು ಗೇರಿನ 48ಆರ್‌ಇ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಟಾರ್ಕ್ ಕನ್ವರ್ಟರ್ ಎಂದರೆ ಎಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ. ಈ ಎಂಜಿನ್ ಟ್ಯೂನಿಂಗ್ ಇಲ್ಲದೆಯೇ 1600 ಆರ್‌ಪಿಎಂನಲ್ಲಿ 800 ನ್ಯೂಟನ್ ಮೀಟರಿಗೂ ಹೆಚ್ಚು ಟಾರ್ಕ್ ಕೊಡುತ್ತದೆ. ಅದರ ಮೇಲೆ ಟ್ಯೂನರ್ (ಎಂಜಿನ್ ಶಕ್ತಿ ಹೆಚ್ಚಿಸುವ ಸಾಧನ) ಹಾಕಿ ಟ್ರೇಲರ್ ಎಳೆಸಿದರೆ ಮೊದಲು ಸೋಲುವುದು ಸಾಮಾನ್ಯವಾಗಿ ಕನ್ವರ್ಟರ್ ಒಳಗಿನ ಲಾಕಪ್ ಕ್ಲಚ್, ಅಂದರೆ ವೇಗ ಹಿಡಿದ ಮೇಲೆ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಜಾರದಂತೆ ನೇರವಾಗಿ ಜೋಡಿಸುವ ಕ್ಲಚ್. ಹಾಗೆಂದು ಜಾರಿದ್ದೆಲ್ಲ ಕನ್ವರ್ಟರಿನದೇ ತಪ್ಪಲ್ಲ.

ಮೊದಲು ಆಯಿಲ್ ನೋಡಿದೆ. ಈ ಗೇರ್‌ಬಾಕ್ಸಿನಲ್ಲಿ ಪಾರ್ಕ್‌ನಲ್ಲಿದ್ದಾಗ ಕನ್ವರ್ಟರಿಗೆ ಆಯಿಲ್ ಹರಿಯುವುದಿಲ್ಲ. ಆದ್ದರಿಂದ ಆಯಿಲ್ ಬಿಸಿಯಾದ ಮೇಲೆ, ಹ್ಯಾಂಡ್‌ಬ್ರೇಕ್ ಹಾಕಿ, ಎಂಜಿನ್ ಓಡುತ್ತಿರುವಾಗ, ನ್ಯೂಟ್ರಲ್‌ನಲ್ಲೇ ಡಿಪ್‌ಸ್ಟಿಕ್ ಎಳೆಯಬೇಕು.

ಆಮೇಲೆ ರಸ್ತೆ. 3.73 ಅನುಪಾತದ ಆಕ್ಸಲ್, 265/70ಆರ್17 ಟೈರ್ ಇದ್ದರೆ ಓವರ್‌ಡ್ರೈವ್‌ನಲ್ಲಿ (ನಾಲ್ಕನೇ ಗೇರಿನಲ್ಲಿ) ಲಾಕ್ ಆಗಿ ಗಂಟೆಗೆ 60 ಮೈಲಿ ಹೋಗುವಾಗ ಎಂಜಿನ್ ಸುಮಾರು 1650 ಆರ್‌ಪಿಎಂನಲ್ಲಿ ತಿರುಗಬೇಕು. ಬಲಗಾಲಿನಲ್ಲಿ ಆಕ್ಸಿಲರೇಟರನ್ನು ಇದ್ದಷ್ಟೇ ಹಿಡಿದು, ಎಡಗಾಲಲ್ಲಿ ಬ್ರೇಕ್ ಪೆಡಲನ್ನು ಮುಟ್ಟಿದಷ್ಟೇ ಮಾಡಿದರೆ ಲಾಕಪ್ ಬಿಟ್ಟು ಆರ್‌ಪಿಎಂ 200-400 ಏರುತ್ತದೆ. ಏರಲೇ ಇಲ್ಲವೆಂದರೆ ಲಾಕಪ್ ಹಿಡಿದೇ ಇರಲಿಲ್ಲ. ಹಿಡಿದಿದ್ದು, ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ವೇಗ ಏರದೆ ಆರ್‌ಪಿಎಂ ಮಾತ್ರ ಏರಿದರೆ ಏನೋ ಜಾರುತ್ತಿದೆ. ಯಾವುದು ಎಂದು ತಿಳಿಯಲು ಓವರ್‌ಡ್ರೈವ್ ಆಫ್ ಮಾಡಿ, ಲಾಕ್ ಆದ ಮೂರನೇ ಗೇರಿನಲ್ಲಿ ಅದೇ ಭಾರ ಕೊಡಿ. ಅಲ್ಲಿ ಜಾರದಿದ್ದರೆ ಓವರ್‌ಡ್ರೈವ್ ಕ್ಲಚ್‌ ಮೇಲೆ ಅನುಮಾನ. ಅಲ್ಲೂ ಜಾರಿದರೆ ಕನ್ವರ್ಟರ್ ಮೇಲೆ. ಪಿ0740 (ಲಾಕಪ್ ದೋಷದ) ಕೋಡ್ ಇದ್ದರೆ ಅನುಮಾನ ಇನ್ನಷ್ಟು ಗಟ್ಟಿ.

ಗಂಟೆಗೆ 40-50 ಮೈಲಿಯಲ್ಲಿ ಲಾಕಪ್ ಹಿಡಿದು ಬಿಟ್ಟು ಮಾಡುತ್ತಿದ್ದರೆ ಗೇರ್‌ಬಾಕ್ಸನ್ನು ಮುಟ್ಟಲೇಬೇಡಿ. ಎಂಜಿನ್ ಓಡುವಾಗ ಮಲ್ಟಿಮೀಟರನ್ನು ಎಸಿ ವೋಲ್ಟಿಗಿಟ್ಟು ಬ್ಯಾಟರಿಗೆ ಹಿಡಿಯಿರಿ. 0.1 ವೋಲ್ಟ್ ದಾಟಿದರೆ ಆಲ್ಟರ್ನೇಟರ್ ಡಯೋಡ್ ಹೋಗಿರುವ ಸಾಧ್ಯತೆ ಹೆಚ್ಚು, ಆ ಎಸಿ ಏರಿಳಿತವೇ ಗಾಡಿಯ ಕಂಪ್ಯೂಟರನ್ನು ಗೊಂದಲಗೊಳಿಸಿ ಲಾಕಪ್ ಬಿಡಿಸುತ್ತದೆ.

ಹಾಕಿದ್ದು ಮೂರು ಡಿಸ್ಕಿನ ಲಾಕಪ್, ಬಿಲೆಟ್ (ಗಟ್ಟಿ ಲೋಹದ ತುಂಡಿನಿಂದ ಕಡೆದ) ಮುಂಗವಚ ಇರುವ ಕನ್ವರ್ಟರ್. ತೆಳು ಕವಚ ಒತ್ತಡಕ್ಕೆ ಉಬ್ಬಿದರೆ ಕ್ಲಚ್ ಪೂರ್ತಿ ಕೂರುವುದಿಲ್ಲ. ಭಾರ ಎಳೆಯುವವರು ಹೆಚ್ಚು ಸ್ಟಾಲ್ (ಗಾಡಿ ನಿಂತಿರುವಾಗ ಕನ್ವರ್ಟರ್ ಎಂಜಿನ್ನನ್ನು ಏರಲು ಬಿಡುವ ಗರಿಷ್ಠ ಆರ್‌ಪಿಎಂ) ಕೇಳಬಾರದು. 1800 ಆರ್‌ಪಿಎಂ ಆಸುಪಾಸು ಸಾಕು. ಅದಕ್ಕಿಂತ ಮೇಲಿನದು ಹೊರಡುವಾಗ ಬರಿ ಆಯಿಲ್ ಕಾಯಿಸುತ್ತದೆ. ಕನ್ವರ್ಟರ್ ಒಂದನ್ನೇ ಗಟ್ಟಿ ಮಾಡಿದರೂ ಕೆಲಸ ಅರ್ಧವೇ. ಲಾಕ್ ಆದಾಗ ಪೂರ್ತಿ ಟಾರ್ಕ್ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿಗೆ ಬೀಳುತ್ತದೆ, ಜಾರದ ಕ್ಲಚ್ ಅದನ್ನು ತಿರುಚಿ ಮುರಿಯಬಹುದು. ಟ್ಯೂನ್ ಮಾಡಿದ ಎಂಜಿನ್ನಿಗೆ ಬಿಲೆಟ್ ಶಾಫ್ಟ್, ಲೈನ್ ಪ್ರೆಶರ್ (ಆಯಿಲ್ ಒತ್ತಡ) ಹೆಚ್ಚಿಸಿದ ವಾಲ್ವ್ ಬಾಡಿ (ಆಯಿಲ್ ಹರಿವನ್ನು ನಿಯಂತ್ರಿಸುವ ಭಾಗ) ಜೊತೆಗೇ ಬೇಕು.

ಕೂರಿಸುವ ಮೊದಲು ಹೊಸ ಕನ್ವರ್ಟರಿಗೆ ಸುಮಾರು ಒಂದು ಲೀಟರ್ ಎಟಿಎಫ್+4 (ಗೇರ್‌ಬಾಕ್ಸ್ ಆಯಿಲ್) ಸುರಿದೆ, ಪಂಪ್ ಸೀಲ್ ಹೊಸದು ಹಾಕಿದೆ. ಕನ್ವರ್ಟರನ್ನು ತಿರುಗಿಸುತ್ತಾ ಒಳಗೆ ತಳ್ಳಿದಾಗ ಇನ್‌ಪುಟ್ ಶಾಫ್ಟ್, ಸ್ಟೇಟರ್ ಶಾಫ್ಟ್, ಆಯಿಲ್ ಪಂಪ್ ಹೀಗೆ ಒಂದೊಂದಕ್ಕೂ ಕಚ್ಚಿಕೊಂಡು ಒಳಸರಿಯುತ್ತದೆ. ಬೆಲ್‌ಹೌಸಿಂಗ್ (ಗೇರ್‌ಬಾಕ್ಸಿನ ಮುಂಗೂಡು) ಕೈಯಲ್ಲೇ ಎಂಜಿನ್ನಿಗೆ ಅಂಟಿದ ಮೇಲೆ ಕನ್ವರ್ಟರ್-ಫ್ಲೆಕ್ಸ್‌ಪ್ಲೇಟ್ (ಎಂಜಿನ್ ಹಿಂಬದಿಯಲ್ಲಿ ಕನ್ವರ್ಟರನ್ನು ಬಿಗಿಯುವ ತಟ್ಟೆ) ನಡುವೆ 3ರಿಂದ 5 ಮಿಲಿಮೀಟರ್ ಸಡಿಲ ಉಳಿಯಬೇಕು. ಸಡಿಲವಿಲ್ಲದೆ ಬೋಲ್ಟ್ ಬಿಗಿದು ಎಳೆದರೆ ಪಂಪ್ ಒಡೆಯುವುದು ಖಂಡಿತ.

ಕೂಲರನ್ನು ಎರಡೂ ದಿಕ್ಕಿನಿಂದ ತೊಳೆಯಿರಿ. ಹಳೆಯ ಕ್ಲಚ್ಚಿನ ಪುಡಿ ಅಲ್ಲೇ ಕೂತಿರುತ್ತದೆ, ಹೊಸ ಕ್ಲಚ್ಚಿಗೂ ಅದೇ ಕಂಟಕ. ಕೂಲರ್ ಲೈನಿನಲ್ಲಿ ಚೆಕ್ ವಾಲ್ವ್ (ಒಂದೇ ದಿಕ್ಕಿಗೆ ಹರಿಯಬಿಡುವ ವಾಲ್ವ್) ಇದ್ದರೆ ಬದಲಿಸಿ, ಅದು ಕಟ್ಟಿಕೊಂಡರೆ ಹರಿವೇ ನಿಲ್ಲುತ್ತದೆ. ಫಿಲ್ಟರ್ ಬದಲಿಸಿ, ಆಯಿಲನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ ಎಲ್ಲ ಗೇರಿಗೂ ಒಂದು ಸುತ್ತು ಹಾಕಿಸಿ, ಬಿಸಿಯಾದ ಮೇಲೆ ಮಟ್ಟವನ್ನು ಮತ್ತೆ ನ್ಯೂಟ್ರಲ್‌ನಲ್ಲೇ ನೋಡಿ.