ಮಿಲ್ಲಿನ ತೌಡಿನಿಂದ ಎಲ್‌ಟಿಪಿ: ನನ್ನ ಅನುಭವ

ಅಕ್ಕಿ ತೌಡಿನಿಂದ ಲಿಪಿಡ್ ಟ್ರಾನ್ಸ್‌ಫರ್ ಪ್ರೋಟೀನ್ (ಎಲ್‌ಟಿಪಿ, ಕೊಬ್ಬಿನ ಅಣುಗಳನ್ನು ಹಿಡಿದು ಸಾಗಿಸುವ ಗಿಡದ ಸಣ್ಣ ಪ್ರೋಟೀನ್) ಶುದ್ಧವಾಗಿ ಬರಲ್ಲ, ಇ. ಕೋಲೈ ಬ್ಯಾಕ್ಟೀರಿಯಾದಲ್ಲೇ ಮಾಡಿಸಿ ಎಂದವರೇ ಜಾಸ್ತಿ. ಬಂತು. ಅರ್ಧ ಕೆಜಿ ತೌಡಿಗೆ ಹತ್ತಿರ ಹತ್ತಿರ 20 ಮಿಲಿಗ್ರಾಂ, ಸಣ್ಣ ಪ್ರೋಟೀನ್‌ಗಳನ್ನು ಗಾತ್ರದಂತೆ ಬೇರ್ಪಡಿಸುವ ಟ್ರೈಸಿನ್ ಜೆಲ್‌ನಲ್ಲಿ 9 ಕಿಲೋಡಾಲ್ಟನ್‌ಗೆ ಒಂದೇ ಪಟ್ಟೆ. ಪ್ರೋಟೀನಿನ ಆಕಾರ ಹಿಡಿದಿಡುವ ನಾಲ್ಕು ಡೈಸಲ್ಫೈಡ್ (ಗಂಧಕದ) ಕೊಂಡಿಗಳನ್ನು ಭತ್ತವೇ ಕೂರಿಸಿಕೊಟ್ಟಿರುವಾಗ ಬ್ಯಾಕ್ಟೀರಿಯಾ ಹತ್ತಿರ ಯಾಕೆ ಹೋಗಬೇಕು?

ತೌಡು ಶಿವಮೊಗ್ಗದ ಮಿಲ್ಲಿನದು, ಕೆಜಿಗೆ ಮೂವತ್ತು ರೂಪಾಯಿ ಒಳಗೆ. ಮಿಲ್ಲಿನಿಂದ ಬಂದ ದಿನವೇ, ಎಣ್ಣೆ ತೆಗೆಯಲು, ಹೆಕ್ಸೇನ್‌ಗೆ ಬೀಳಬೇಕು. ಮಳೆಗಾಲದ ತೇವದಲ್ಲಿ ಒಂದು ರಾತ್ರಿ ಇಟ್ಟರೆ ತೌಡಿನದೇ ಲೈಪೇಸ್ ಕಿಣ್ವ ಎಣ್ಣೆಯನ್ನು ಒಡೆಯುತ್ತದೆ, ಬಿಡಿಯಾದ ಫ್ಯಾಟಿ ಆಸಿಡ್ ಪ್ರೋಟೀನಿನ ಕೊಬ್ಬು ಹಿಡಿಯುವ ಗೂಡೊಳಗೆ ಹೊಕ್ಕು ಕೂರುತ್ತದೆ. ಆಮೇಲೆ ಬೈಂಡಿಂಗ್ (ಕೊಬ್ಬು ಹಿಡಿಯುವ ಗುಣ) ನೋಡಿದರೆ ಏನೂ ಕಾಣಲ್ಲ. ಕುಚ್ಚಲಕ್ಕಿ ತೌಡು ಕೆಡಲ್ಲ ನಿಜ, ಆದರೆ ಅದರಲ್ಲಿ ಪ್ರೋಟೀನ್ ಬೆಂದು ನೀರಿಗೆ ಬಿಡುವುದೇ ಕಡಿಮೆ. ಗೂಡನ್ನು ಪೂರ್ತಿ ಖಾಲಿ ಮಾಡುವ ನನ್ನ ಹಂತವನ್ನು ಸದ್ಯಕ್ಕೆ ಬರೆಯುತ್ತಿಲ್ಲ.

ಎಣ್ಣೆ ತೆಗೆದ ತೌಡಿನ ಉಪ್ಪುನೀರಿನ ಸಾರವನ್ನು 80 ಡಿಗ್ರಿಯಲ್ಲಿ 15 ನಿಮಿಷ ಇಟ್ಟರೆ ಮಿಕ್ಕ ಪ್ರೋಟೀನ್ ಹೆಪ್ಪುಗಟ್ಟಿ ಕೆಳಗಿಳಿಯುತ್ತದೆ, ಎಲ್‌ಟಿಪಿ ಮೇಲಿನ ತಿಳಿಯಲ್ಲಿ ಉಳಿಯುತ್ತದೆ. ಅಭ್ಯಾಸಬಲದಿಂದ ಡಿಟಿಟಿ (ಡೈಸಲ್ಫೈಡ್ ಬಿಚ್ಚುವ ರಾಸಾಯನಿಕ) ಹಾಕಿದಿರೋ, ಕೊಂಡಿ ಬಿಚ್ಚಿ ಅದೂ ಹೋಯಿತು. ಆಮೇಲೆ ಎಲ್‌ಟಿಪಿಯನ್ನು ತಿಳಿಯಿಂದ ಕೆಳಗಿಳಿಸಲು ಅಮೋನಿಯಂ ಸಲ್ಫೇಟ್ 40ರಿಂದ 80 ಶೇಕಡ.

ದುಡ್ಡು ಹೋಗಿದ್ದು ಆ ಉಪ್ಪನ್ನು ಸೋಸುಟ್ಯೂಬಿನಲ್ಲಿ ತೆಗೆಯುವ ಡಯಾಲಿಸಿಸ್‌ನಲ್ಲಿ. ಮೂರು ಬ್ಯಾಚ್ ಮಾಮೂಲಿ 12-14 ಕಿಲೋಡಾಲ್ಟನ್ ಟ್ಯೂಬಿನ ರಂಧ್ರದಿಂದ ಸೋರಿ ಸಿಂಕ್ ಸೇರಿದವು. 3.5ರ ಟ್ಯೂಬಿಗೆ ಎಂಟು ಸಾವಿರದಷ್ಟಾಯಿತು, ಅದೇ ಸರಿ. ಆಮೇಲೆ ಧನ ವಿದ್ಯುದಂಶದ ಪ್ರೋಟೀನನ್ನು ಹಿಡಿಯುವ ಸಿಎಂ ಕಾಲಂ, ಪಿಎಚ್ 6ರ ಫಾಸ್ಫೇಟ್ ದ್ರಾವಣ. ಎಲ್‌ಟಿಪಿಯಲ್ಲಿ ಬೆಳಕು ಹೀರುವ ಅಮೈನೊ ಆಮ್ಲ ಟ್ರಿಪ್ಟೊಫಾನ್ ಇಲ್ಲ, 280 ನ್ಯಾನೊಮೀಟರ್‌ನಲ್ಲಿ ಏಳುವುದು ಸಣ್ಣ ಉಬ್ಬು ಅಷ್ಟೇ. ಅದನ್ನು ಕಸವೆಂದು ಚೆಲ್ಲಿದ್ದೂ ಆಯಿತು. 220ರಲ್ಲಿ ನೋಡಿ. ಜೆಲ್ಲನ್ನು ರಾತ್ರಿಯಿಡೀ ಡಿಸ್ಟೇನ್‌ಗೆ (ಹೆಚ್ಚುವರಿ ಬಣ್ಣ ತೊಳೆಯುವ ದ್ರಾವಣಕ್ಕೆ) ಬಿಟ್ಟರೆ ಪಟ್ಟೆಯೇ ತೊಳೆದುಹೋಗುತ್ತದೆ, ಮೊದಲೇ ಗ್ಲುಟರಾಲ್ಡಿಹೈಡ್‌ನಲ್ಲಿ ಫಿಕ್ಸ್ ಮಾಡಿ.

ಬೈಂಡಿಂಗಿಗೆ ಟಿಎನ್‌ಎಸ್ (ಪ್ರೋಟೀನಿನ ಗೂಡೊಳಗೆ ಕೂತರೆ ಹೊಳೆಯುವ ಬಣ್ಣ) 3 ಮೈಕ್ರೊಮೋಲಾರ್, ಪ್ರೋಟೀನ್ 1. 320ರಲ್ಲಿ ಬೆಳಕು ಕೊಟ್ಟು 437ರಲ್ಲಿ ಓದುವುದು. 16 ಇಂಗಾಲದ ಲೈಸೊಲೆಸಿಥಿನ್ ಎಂಬ ಕೊಬ್ಬು ಸೇರಿಸಿದಂತೆ, ಅದು ಟಿಎನ್‌ಎಸ್ ಅನ್ನು ಗೂಡಿನಿಂದ ಹೊರದಬ್ಬಿ, ಹೊಳಪು ಇಳಿಯಬೇಕು. 7 ಮೈಕ್ರೊಮೋಲಾರ್ ದಾಟಿದರೆ ಆ ಕೊಬ್ಬೇ ಮಿಸೆಲ್ (ಸಣ್ಣ ಉಂಡೆ) ಕಟ್ಟಿ, ಟಿಎನ್‌ಎಸ್ ಅದರೊಳಗೇ ಹೊಳೆಯತೊಡಗುತ್ತದೆ. ಪ್ರೋಟೀನ್ ಇಲ್ಲದ ಬ್ಲಾಂಕ್ ಪ್ರತಿ ಬಿಂದುವಿಗೂ ಬೇಕು.

ಇದರ ಜೊತೆಗೇ ತೀರ್ಥಹಳ್ಳಿ ಕಡೆಯ ಕೊಳೆರೋಗದ ಅಡಿಕೆಕಾಯಿಯಿಂದ ಆ ರೋಗ ತರುವ ಶಿಲೀಂಧ್ರದಂಥ ಜೀವಿ ಫೈಟಾಫ್ತೊರಾ ಬೆಳೆಸಿದೆ. ಅದಕ್ಕೆ ಸ್ಟೆರಾಲ್ (ಕೊಲೆಸ್ಟೆರಾಲ್ ಜಾತಿಯ ಕೊಬ್ಬು) ತಾನೇ ತಯಾರಿಸಲು ಬರಲ್ಲ. ಅದು ಹೊರಬಿಡುವ ಎಲಿಸಿಟಿನ್ ಎಂಬ 10 ಕಿಲೋಡಾಲ್ಟನ್ ಪ್ರೋಟೀನ್ ಗಿಡದ ಪೊರೆಯಿಂದ ಸ್ಟೆರಾಲ್ ಎತ್ತಬಲ್ಲದು. ಇದರಲ್ಲಿ ಕೊಂಡಿ ಮೂರು. ತಂಬಾಕಿನ ಜೀವಕೋಶದ ಪೊರೆಯಲ್ಲಿ ಎಲಿಸಿಟಿನ್ ಕೂರುವ ಜಾಗಕ್ಕೇ ಗೋಧಿಯ ಎಲ್‌ಟಿಪಿಯೂ ಪೈಪೋಟಿ ಮಾಡುತ್ತದೆ, ಅದಕ್ಕೇ ಎರಡನ್ನೂ ಜೊತೆಗೆ ನೋಡುವ ಆಸೆ. ಹತ್ತು ದಿನದ ಕಲ್ಚರ್ ನೀರಿಗೆ ಅದೇ ಬಿಸಿ, ಅದೇ ಟ್ಯೂಬು. ಆ ಅಳತೆಯಲ್ಲೇ ಪಟ್ಟೆ ಬಂದಿದೆ. ಅದು ಸ್ಟೆರಾಲ್ ಹಿಡಿಯುತ್ತದೆಯೇ ನೋಡಲು ಡೀಹೈಡ್ರೊಎರ್ಗೊಸ್ಟೆರಾಲ್ ಎಂಬ ಹೊಳೆಯುವ ಸ್ಟೆರಾಲ್ ಬೇಕು. ದುಬಾರಿ, ಗಾಳಿ ಬೆಳಕಿಗೆ ಬೇಗ ಕೆಡುವ ಮಾಲು. ಆರ್ಡರ್ ಹಾಕಿದ್ದೇನೆ.